ತೋಟಗಳ ನಡುವಣ ಮನೆಗಳು: ವಿಜಯನಗರದ ವಾಸಗೃಹ ವಾಸ್ತು

ಹಂಪೆಯ ದೇವಾಲಯಗಳನ್ನು ಕಂಡು ಬೆರಗಾದ ಯಾತ್ರಿಕರು, ಇಷ್ಟು ದೊಡ್ಡ ನಗರದಲ್ಲಿ ಜನರು ವಾಸವಾಗಿದ್ದುದು ಎಲ್ಲಿ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವು ಅವರ ಕಾಲಡಿಯ ನೆಲದಲ್ಲಿಯೇ ಇದೆ.

1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಏಳು ಸುತ್ತಿನ ಕೋಟೆಯನ್ನು ವರ್ಣಿಸುತ್ತ, ಹೊರಗಿನ ಮೂರು ಸುತ್ತುಗಳ ನಡುವೆ ಹೊಲಗಳೂ ತೋಟಗಳೂ ಮನೆಗಳೂ ಇದ್ದುವೆಂದು ತಿಳಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನು ಮನೆಗಳ ತೋಟಗಳಲ್ಲಿದ್ದ ಮರಗಳನ್ನೂ ಊರ ನಡುವೆ ಹರಿಯುತ್ತಿದ್ದ ಕಾಲುವೆಗಳನ್ನೂ ಕೊಂಡಾಡಿದ್ದಾನೆ. ತುಂಗಭದ್ರೆಯ ನೀರನ್ನು ತಿರುಗಿಸಿ ತಂದ ತುರ್ತು ಕಾಲುವೆಯು ಇಂದಿಗೂ ಬತ್ತಿಲ್ಲ; ಅದರ ಬಯಲಿನಲ್ಲಿ ಬಾಳೆಯೂ ಕಬ್ಬೂ ಬೆಳೆಯುತ್ತಿವೆ. ತೋಟಗಳು ಉಳಿದುವು, ಮನೆಗಳು ಉಳಿಯಲಿಲ್ಲ.

1970 ಮತ್ತು 1980ರ ದಶಕಗಳ ಉತ್ಖನನಗಳಲ್ಲಿ, ಜನಾನಾ ಆವರಣಕ್ಕೆ ಸಮೀಪದಲ್ಲಿ, ಶ್ರೀಮಂತರ ಸೌಧಗಳ ತಳಪಾಯಗಳು ಬೆಳಕಿಗೆ ಬಂದುವು. ಅವುಗಳ ವಿನ್ಯಾಸವು ಬಹುಮಟ್ಟಿಗೆ ಒಂದೇ ಬಗೆಯದು. ಸುತ್ತಲೂ ಆವರಣದ ಗೋಡೆ, ಒಳಗೆ ಅಂಗಳ, ಅಂಗಳದ ಮೂರು ಕಡೆ ಒಂದಕ್ಕಿಂತ ಒಂದು ಎತ್ತರವಾಗಿ ಏರುವ ಜಗಲಿಗಳು, ಎಲ್ಲಕ್ಕೂ ಮೇಲೆ, ಹಿಂಭಾಗದಲ್ಲಿ, ಯಜಮಾನನ ಕೋಣೆಗಳು. ಮುಖವು ಸಾಮಾನ್ಯವಾಗಿ ಉತ್ತರಕ್ಕೆ ಇಲ್ಲವೆ ಪೂರ್ವಕ್ಕೆ. ಅಧಿಷ್ಠಾನಕ್ಕೆ ಮಾತ್ರ ಕೆತ್ತಿದ ಕಲ್ಲು. ಅದರ ಮೇಲಿನ ಗೋಡೆಗಳಿಗೆ ಒರಟುಗಲ್ಲು, ಇಟ್ಟಿಗೆ, ಗಾರೆ. ಕಂಬಗಳಿಗೂ ಮಾಡಿಗೂ ಮರ. 1565ರ ಬಳಿಕ ನಗರವು ಹಾಳಾದಾಗ ಮರವು ಬೆಂಕಿಗೆ ಆಹುತಿಯಾಯಿತು. ಕಂಬಗಳನ್ನು ನಿಲ್ಲಿಸಿದ್ದ ಪೀಠಗಲ್ಲುಗಳು ಅಲ್ಲಲ್ಲಿ ಉಳಿದು, ಮನೆಯ ಅಳತೆಯನ್ನು ತಿಳಿಸುತ್ತಿವೆ. ಇಟ್ಟಿಗೆ, ಗಾರೆ, ಕಮಾನುಗಳಿಂದ ಎದ್ದ ಎರಡಂತಸ್ತಿನ ಕಮಲಮಹಲು ಮಾತ್ರ ಆ ವೈಭವದ ಛಾಯೆಯನ್ನು ತೋರುತ್ತ ನಿಂತಿದೆ.

ಅರಸನೂ ಮರದ ಮಾಡಿನ ಕೆಳಗೆ ಬಾಳಿದನು; ಶಾಶ್ವತವಾದ ಶಿಲೆಯನ್ನು ದೇವರ ಮನೆಗೆ ಮೀಸಲಿಟ್ಟನು. ಅದೇ ದೇವರಾಯನು 1426ರಲ್ಲಿ ಅಡಕೆ-ವೀಳ್ಯಗಳ ಅಂಗಡಿಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಲ್ಲಿನಲ್ಲಿಯೇ ಕಟ್ಟಿಸಿದನು. ಅವನ ಅರಮನೆಯ ಮಾಡು ಇಂದಿಲ್ಲ. ಬಸದಿಯ ಶಾಸನವು ಅವನ ಹೆಸರನ್ನು ಇನ್ನೂ ಹೇಳುತ್ತಿದೆ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗೋಪುರಗಳಿಗೆ ನೋಡುಗರೂ ಕಾಯುವವರೂ ಉಂಟು; ಮೊಣಕಾಲೆತ್ತರದ ಜಗಲಿಯು ಯಾರ ಕಣ್ಣನ್ನೂ ಸೆಳೆಯದು. ಆದರೆ ಅಲ್ಲಿಯ ಒಂದು ಪೀಠಗಲ್ಲು ಸರಿದರೂ, ಐದು ಶತಮಾನಗಳ ಹಿಂದಿನ ಸಂಸಾರವೊಂದರ ಕೊನೆಯ ಗುರುತು ಅಳಿದಂತೆಯೇ ಸರಿ.