ರೈಲುದಾರಿಯ ಡೆಪಾಸಿಟ್

ಮುಂಬಯಿಯ ಲೋಕಲ್‌ನಲ್ಲಿ ಮೂವತ್ತು ವರ್ಷ ಜೋತಾಡಿದ ನನಗೆ ರೈಲುದಾರಿಯ ಮೇಲೆ ಸೈಕಲ್ ಹೊಡೆಯುವ ಯೋಗ ಬಂದದ್ದು ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಅಳಿಯ ದಪ್ಪ ಟೈರಿನ ಗ್ರಾವೆಲ್ ಬೈಕ್ ಬಾಡಿಗೆಗೆ ತಂದು, "ಮಾವ, ಕೇಟಿ ಟ್ರೇಲ್ ನೋಡ್ಕೊಂಡು ಬರೋಣ ಬನ್ನಿ" ಎಂದ.

ಒಂದು ಕಡೆ ಮಿಸ್ಸೌರಿ ನದಿ, ಇನ್ನೊಂದು ಕಡೆ ಸುಣ್ಣಕಲ್ಲಿನ ಬಂಡೆ, ಮೇಲೆ ಮರಗಳ ನೆರಳು. ಚಕ್ರದಡಿ ಕಲ್ಲುಪುಡಿಯ ಚರಚರ ಬಿಟ್ಟರೆ ಸದ್ದಿಲ್ಲ. ರೈಲಿಗೆಂದೇ ಮಾಡಿದ ದಾರಿ, ಹಾಗಾಗಿ ಏರಿಳಿತವೂ ಕಡಿಮೆ.

ಮಿಸ್ಸೌರಿ-ಕಾನ್ಸಾಸ್-ಟೆಕ್ಸಸ್ ರೈಲು, ಜನರ ಬಾಯಲ್ಲಿ 'ಕೇಟಿ', 1986ರ ಪ್ರವಾಹದ ನಂತರ ಇಲ್ಲಿ ನಿಂತುಹೋಯಿತು. ರೈಲಿಗೆಂದು ಕೊಟ್ಟ ಜಾಗ ರೈಲು ಹೋದ ಮೇಲೆ ನಮ್ಮದು ಎಂದರು ಅಕ್ಕಪಕ್ಕದ ಜಮೀನಿನವರು. ಆದರೆ 1983ರ ಕಾನೂನೊಂದಿತ್ತು: ಮುಂದೆಂದಾದರೂ ರೈಲು ಬೇಕಾದೀತೆಂದು ದಾರಿಯನ್ನು ಒಡೆಯದೆ ಕಾದಿಟ್ಟು, ಅಲ್ಲಿಯವರೆಗೆ ನಡಿಗೆಗೆ, ಸೈಕಲ್ಲಿಗೆ ಬಿಡಬಹುದು. ಅದರ ಹೆಸರೇ ನೋಡಿ, 'ರೈಲ್ ಬ್ಯಾಂಕಿಂಗ್'! 1990ರಲ್ಲಿ, ಬೇರೊಂದು ರಾಜ್ಯದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಮೀನಿನವರು ಪರಿಹಾರ ಕೇಳುವ ಬಾಗಿಲನ್ನೂ ಮುಚ್ಚಲಿಲ್ಲ. ಅದೇ ವರ್ಷ ಟ್ರೇಲಿನ ಮೊದಲ ಭಾಗ ತೆರೆಯಿತು. ಟೆಡ್ ಮತ್ತು ಪ್ಯಾಟ್ ಜೋನ್ಸ್ ದಂಪತಿ ಕೊಟ್ಟದ್ದು ಸುಮಾರು 22 ಲಕ್ಷ ಡಾಲರ್. 1993ರ ಪ್ರವಾಹ ಕೆಡವಿತು, ಮತ್ತೆ ಕಟ್ಟಿದರು. ಈಗ ಸುಮಾರು 386 ಕಿ.ಮೀ. ಇದೆ.

ನಮ್ಮೂರ ಹೊಳೆಗೆ ಹೋಗುವ ಗಾಡಿದಾರಿಯನ್ನು ನಾವು ಅಣ್ಣತಮ್ಮಂದಿರೇ ಹಂಚಿಕೊಂಡು ಬೇಲಿ ಹಾಕಿದೆವು. ನನ್ನ ಪಾಲಿಗೆ ಬಂದದ್ದು ಎರಡು ಗುಂಟೆ. ಊರಿಗೆ ದಾರಿಯೇ ಹೋಯಿತು.

ಅವಸರಪಟ್ಟು ಡೆಪಾಸಿಟ್ ಮುರಿಸಬೇಡಿ ಎಂದು ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವನೂ ನಾನೇ.