ತುಡುವೆ ಪೆಟ್ಟಿಗೆಗಳು ಖಾಲಿಯಾದ ಕಾಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಸೂರ್ಯಕಾಂತಿ ಹೊಸದಲ್ಲ. ಜೇನುನೊಣ ಸುಳಿಯದ ಹೊಲದಲ್ಲಿ ಜೊಳ್ಳೇ ಹೆಚ್ಚೆಂಬುದೂ ಗೊತ್ತು. ಹೀಗಾಗಿ ನಮ್ಮ ಶಾಲೆಯ ಸುವರ್ಣ ಸಂಚಿಕೆಗೆ ಪಾಳೆಯಗಾರರನ್ನು ಬಿಟ್ಟು ಜೇನಿನ ಚರಿತ್ರೆಯನ್ನೇ ಆರಿಸಿಕೊಂಡೆ.

1976ರಲ್ಲಿ ಥಾಯ್ಲೆಂಡಿನಲ್ಲಿ ಕಂಡ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಈಶಾನ್ಯ ಭಾರತಕ್ಕೆ ಬಂದು, 1991-92ರ ಹೊತ್ತಿಗೆ ಕರ್ನಾಟಕವನ್ನೂ ಮುಟ್ಟಿತು. ದಕ್ಷಿಣದಲ್ಲಿ ಸಾಕಿದ್ದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಾಶವಾದವು. ಜೇನಿಗೆ ಹೆಸರಾದ ಕೊಡಗಿನಲ್ಲೂ ಪೆಟ್ಟಿಗೆಗಳು ಖಾಲಿಯಾದವು.

ಈ ರೋಗ ಕೊಲ್ಲುವುದು ಮರಿಯನ್ನು. ಮರಿಹುಳು ಕೋಶವಾಗುವ ಮುನ್ನ ತಲೆ ಮೇಲೆತ್ತಿಕೊಂಡೇ ಸಾಯುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ, ತುಪ್ಪ ಕೆಡುತ್ತದೆ ಅಷ್ಟೆ. (ಕಂಪ್ಯೂಟರ್ ವೈರಸ್ಸಿಗಾದರೂ ನಮ್ಮಲ್ಲಿ ಮದ್ದುಂಟು!) ಉಳಿದದ್ದು ಆರೈಕೆ. ರಾಣಿಯನ್ನು ಕೆಲದಿನ ಪಂಜರದಲ್ಲಿಟ್ಟರೆ ಹೊಸ ಮೊಟ್ಟೆ ನಿಲ್ಲುತ್ತದೆ, ವೈರಸ್ಸಿಗೆ ಎಳೆಮರಿ ಸಿಗುವುದಿಲ್ಲ. ಆ ಬಿಡುವಿನಲ್ಲಿ ಕೆಲಸಗಾರ ನೊಣಗಳು ಸತ್ತ ಮರಿಗಳನ್ನು ಹೊರಹಾಕಿ ಎರಿ ಚೊಕ್ಕಮಾಡುತ್ತವೆ. ತೀರಾ ಕೆಟ್ಟ ಎರಿಯನ್ನು ಸುಡಬೇಕು, ಸಕ್ಕರೆ ಪಾಕ ಕೊಡಬೇಕು. ರೋಗದ ಪೆಟ್ಟಿಗೆಯ ಎರಿಯನ್ನು ಬೇರೆ ಪೆಟ್ಟಿಗೆಗೆ ಇಡಲೇಬಾರದು.

ಆದರೂ ತುಡುವೆಯನ್ನು ಉಳಿಸಿದ್ದು, ನನ್ನ ಮಟ್ಟಿಗೆ, ರೋಗ ತಾಳಿಕೊಂಡು ಬದುಕಿದ ಕುಟುಂಬಗಳೇ. ಅವುಗಳ ಸಂತತಿಯಿಂದ ಸಾಕಣೆ ಮತ್ತೆ ಚಿಗುರಿತು. ಯುರೋಪಿನ ಮೆಲ್ಲಿಫೆರಾ ಪೆಟ್ಟಿಗೆಗಳು ಸೂರ್ಯಕಾಂತಿ ಹೊಲಗಳಿಗೆ ಬಂದದ್ದು ಒಳ್ಳೆಯದೇ. ಆದರೆ ಹೂ ಮುಗಿದೊಡನೆ ಅವನ್ನು ಬೇರೆಡೆಗೆ ಸಾಗಿಸುತ್ತಾರೆ. ಮರದ ಪೊಟರೆಯ ತುಡುವೆಗೆ ಲಾರಿಯಿಲ್ಲ. ಹೂವಿನ ಹೊತ್ತಿನಲ್ಲಿ ನಾವು ಹೊಡೆಯುವ ಕೀಟನಾಶಕ ಮೊದಲು ಮುಟ್ಟುವುದು ಅದನ್ನೇ.