ಕಹಳೆಯ ಕರೆಗೆ ಎದ್ದ ಊರು: ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ದಂಡಿನ ದಿನಚರಿ ಮತ್ತು ಶಿಸ್ತು

ಬೆಂಗಳೂರಿನ ಹಳಬರು ಕಂಟೋನ್ಮೆಂಟ್ ಪ್ರದೇಶವನ್ನು ‘ದಂಡು’ ಎಂದೇ ಕರೆಯುವುದುಂಟು. ದಂಡು ಎಂದರೆ ಸೈನ್ಯ. ಸೈನ್ಯವು ಬೀಡುಬಿಟ್ಟ ನೆಲಕ್ಕೆ ಸೈನ್ಯದ ಹೆಸರೇ ಅಂಟಿಕೊಂಡಿತು. ಇನ್‌ಫ್ಯಾಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಪರೇಡ್ ಮೈದಾನ ಮುಂತಾದ ಹೆಸರುಗಳನ್ನು ನಾವು ದಿನವೂ ಉಚ್ಚರಿಸುತ್ತೇವೆ. ಆದರೆ ಅವುಗಳ ಹಿಂದೆ ಒಂದು ಕಾಲದಲ್ಲಿ ಸಾವಿರಾರು ಮನುಷ್ಯರು ಹೇಗೆ ಏಳುತ್ತಿದ್ದರು, ಹೇಗೆ ಉಣ್ಣುತ್ತಿದ್ದರು, ಹೇಗೆ ಸಾಯುತ್ತಿದ್ದರು ಎಂಬುದನ್ನು ನೆನೆಯುವವರು ವಿರಳ. ಶತಮಾನೋತ್ಸವದ ಸಂದರ್ಭದಲ್ಲಿ ನಾವು ಗುರುಗಳನ್ನೂ ದಾನಿಗಳನ್ನೂ ಸ್ಮರಿಸುವುದು ಯೋಗ್ಯವೇ ಸರಿ. ಅದರೊಂದಿಗೆ, ಈ ನಾಡಿನ ಹಲವು ಧರ್ಮಕೇಂದ್ರಗಳು ಯಾವ ಮಣ್ಣಿನಲ್ಲಿ ಬೇರೂರಿದವೋ ಆ ದಂಡಿನ ಬದುಕನ್ನೂ ಒಮ್ಮೆ ತಿರುಗಿ ನೋಡುವುದು ಒಳಿತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ದಂಡಿನ ಸ್ಥಾಪನೆ

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ನಂತರ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಶ್ರೀರಂಗಪಟ್ಟಣದಲ್ಲಿ ನೆಲೆಸಿದವು. ಕಾವೇರಿಯ ನಡುವಣ ಆ ದ್ವೀಪವು ಕಾದಾಟಕ್ಕೆ ಭದ್ರವಾಗಿದ್ದರೂ ದೇಹಕ್ಕೆ ಹಿತವಾಗಿರಲಿಲ್ಲ. ಚಳಿಜ್ವರವು ಸೈನಿಕರನ್ನೂ ಅವರ ಹೆಂಡಿರು ಮಕ್ಕಳನ್ನೂ ಸಾಲುಸಾಲಾಗಿ ಒಯ್ದಿತು. ಅಲ್ಲಿನ ಗ್ಯಾರಿಸನ್ ಸ್ಮಶಾನದ ಸಮಾಧಿಗಳು ಆ ಕಾಲದ ಬದುಕಿಗೆ ಈಗಲೂ ಸಾಕ್ಷಿಯಾಗಿ ನಿಂತಿವೆ. ಆದುದರಿಂದ ಎತ್ತರದ, ತಂಪಾದ ಬೆಂಗಳೂರನ್ನು ಆರಿಸಿಕೊಂಡು, ಹಲಸೂರಿನ ಸುತ್ತಣ ಬಯಲಿನಲ್ಲಿ 1809ರಲ್ಲಿ ದಂಡನ್ನು ನೆಲೆಗೊಳಿಸಿದರು. ಕುದುರೆಪಡೆ, ಫಿರಂಗಿಪಡೆ, ಯೂರೋಪಿಯನ್ ಕಾಲಾಳುಗಳು, ಮದ್ರಾಸ್ ಸೈನ್ಯದ ದೇಶೀಯ ಸಿಪಾಯಿಗಳು ಎಲ್ಲರೂ ಇಲ್ಲಿ ಸೇರಿದರು. 1881ರಲ್ಲಿ ಮೈಸೂರಿನ ಆಡಳಿತ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1947ರಲ್ಲಿ ಮಾತ್ರ ಅದು ಮೈಸೂರಿಗೆ ಸೇರಿತು.

ಒಂದು ದಿನದ ಬದುಕು

ದಂಡಿನಲ್ಲಿ ಸೂರ್ಯೋದಯಕ್ಕೆ ಮೊದಲೇ ದಿನವು ಪ್ರಾರಂಭವಾಗುತ್ತಿತ್ತು. ಮುಂಜಾನೆಯ ತೋಪು ಹಾರಿದೊಡನೆ ಕಹಳೆ ಮೊಳಗುತ್ತಿತ್ತು. ಯೂರೋಪಿಯನ್ ಸೈನಿಕನು ಇನ್ನೂ ಮಂಚದ ಮೇಲೆ ಅರೆನಿದ್ದೆಯಲ್ಲಿರುವಾಗಲೇ ದೇಶೀಯ ಕ್ಷೌರಿಕನು ದೀಪ ಹಿಡಿದು ಬಂದು ಮುಖ ಕ್ಷೌರ ಮಾಡಿ ಹೋಗುತ್ತಿದ್ದನು. 1896ರಲ್ಲಿ ನಾಲ್ಕನೆಯ ಹುಸಾರ್ ಕುದುರೆಪಡೆಯ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ಲರು ತಮ್ಮ ಆತ್ಮಕಥೆಯಲ್ಲಿ ಈ ನಸುಕಿನ ಕ್ಷೌರವನ್ನು ವಿನೋದವಾಗಿ ಬಣ್ಣಿಸಿದ್ದಾರೆ. ಅವರು ಹೇಳುವಂತೆ ಬೆಳಿಗ್ಗೆ ಆರು ಗಂಟೆಗೆ ಪಡೆಯು ಮೈದಾನದಲ್ಲಿ ಸೇರಿ ಒಂದೂವರೆ ಗಂಟೆ ಕವಾಯತು ನಡೆಸುತ್ತಿತ್ತು. ಆಮೇಲೆ ಸ್ನಾನ, ಉಪಾಹಾರ. ಒಂಬತ್ತರಿಂದ ಹತ್ತೂವರೆಯ ತನಕ ಲಾಯದ ಕೆಲಸ ಮತ್ತು ಕಚೇರಿಯ ವಿಚಾರಣೆ. ಬಿಸಿಲೇರುವ ಮೊದಲೇ ಅಧಿಕಾರಿಗಳು ಬಂಗಲೆ ಸೇರುತ್ತಿದ್ದರು. ಸಂಜೆ ಐದಕ್ಕೆ ಪೋಲೋ ಆಟ.

ಇದು ಅಧಿಕಾರಿಯ ದಿನ. ಸಾಮಾನ್ಯ ಸೈನಿಕನಿಗೆ ಬಂಗಲೆಯೂ ಇರಲಿಲ್ಲ, ಪೋಲೋ ಕುದುರೆಯೂ ಇರಲಿಲ್ಲ. ಅವನ ಪಾಲಿಗೆ ದಿನಕ್ಕೆ ಒಂದು ಪೌಂಡು ಬ್ರೆಡ್ಡು, ಒಂದು ಪೌಂಡು ಮಾಂಸ, ಅದರೊಂದಿಗೆ ಅಕ್ಕಿ, ಚಹಾ, ಸಕ್ಕರೆ, ಉಪ್ಪು. ದಿನಕ್ಕೊಂದು ಷಿಲ್ಲಿಂಗ್ ಎಂದು ಹೆಸರಾದ ಸಂಬಳದಲ್ಲಿ ಹಲವು ಕಡಿತಗಳಾಗಿ ಕೈಗೆ ಬರುತ್ತಿದ್ದುದು ಅಲ್ಪ. ಗುಂಡಿಗಳನ್ನು ಉಜ್ಜುವುದು, ಬಂದೂಕು ಒರೆಸುವುದು, ಪಹರೆಯ ಸರದಿಗೆ ನಿಲ್ಲುವುದು, ಹಾಜರಿಗೆ ಉತ್ತರ ಕೊಡುವುದು ಇವೇ ಅವನ ಕೆಲಸ. ಮಧ್ಯಾಹ್ನದ ಊಟದ ನಂತರ ಬೇಸಗೆಯಲ್ಲಿ ಸಂಜೆಯವರೆಗೂ ಅವನು ಬ್ಯಾರಕ್ಕಿನ ಒಳಗೇ ಇರಬೇಕಾಗಿತ್ತು. ಬಳ್ಳಾರಿ, ಸಿಕಂದರಾಬಾದುಗಳ ಉರಿಬಿಸಿಲು ಬೆಂಗಳೂರಿನಲ್ಲಿ ಇರಲಿಲ್ಲವಾದರೂ ಇಲ್ಲಿಯೂ ಹಗಲಿನ ಬಹುಭಾಗ ಸೈನಿಕನಿಗೆ ಮಾಡುವುದಕ್ಕೇನೂ ಇರುತ್ತಿರಲಿಲ್ಲ. ಸಂಜೆ ಮತ್ತೆ ಕವಾಯತು. ರಾತ್ರಿ ಒಂಬತ್ತರ ಸುಮಾರಿಗೆ ಎಲ್ಲರೂ ಬ್ಯಾರಕ್ಕಿಗೆ ಮರಳಬೇಕೆಂಬ ಕಹಳೆ, ಹಾಜರಿ. ಕೊನೆಗೆ ದೀಪ ಆರಿಸುವ ಕಹಳೆ.

ದೇಶೀಯ ಸಿಪಾಯಿಯ ಬದುಕು ಇದಕ್ಕಿಂತ ಭಿನ್ನವಾಗಿತ್ತು. ಮದ್ರಾಸ್ ಸೈನ್ಯದ ಸಿಪಾಯಿಗಳು ತಮ್ಮ ಕುಟುಂಬವನ್ನು ಜೊತೆಗೇ ಕರೆದೊಯ್ಯುವ ರೂಢಿಯಿತ್ತು. ಕವಾಯತು ಮುಗಿದೊಡನೆ ಅವನು ತನ್ನ ಗುಡಿಸಲಿಗೆ, ಹೆಂಡತಿ ಬೇಯಿಸಿದ ಅನ್ನಕ್ಕೆ, ಮಕ್ಕಳ ನಡುವಿಗೆ ಮರಳುತ್ತಿದ್ದನು. ಯೂರೋಪಿಯನ್ ಸೈನಿಕರಲ್ಲಿಯಾದರೋ ಸರಕಾರದ ಅನುಮತಿಯೊಂದಿಗೆ ಮದುವೆಯಾಗಬಹುದಾದವರು ನೂರರಲ್ಲಿ ಹತ್ತು ಹನ್ನೆರಡು ಮಂದಿ ಮಾತ್ರ. ಪ್ರತ್ಯೇಕ ವಸತಿ ಸಿಗುವ ಮುನ್ನ ಆ ದಂಪತಿಗಳೂ ಬ್ಯಾರಕ್ಕಿನ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಸಂಸಾರ ನಡೆಸಿದ್ದುಂಟು.

ಭಾನುವಾರದ ನಡಿಗೆ

ಭಾನುವಾರವೂ ಕಹಳೆಯ ಆಳ್ವಿಕೆಗೆ ಹೊರತಾಗಿರಲಿಲ್ಲ. ಅಂದು ‘ಚರ್ಚ್ ಪರೇಡ್’. ಸೈನಿಕರು ಪೂರ್ಣ ಸಮವಸ್ತ್ರದಲ್ಲಿ ಸಾಲುಗಟ್ಟಿ, ಆಯಾ ಪಂಗಡದವರು ಬೇರೆಬೇರೆಯಾಗಿ, ತಮ್ಮ ತಮ್ಮ ದೇವಾಲಯಗಳಿಗೆ ನಡೆಯುತ್ತಿದ್ದರು. 1857ರ ಮೇ 10ರಂದು ಮೀರತ್ತಿನಲ್ಲಿ ದಂಗೆಯೆದ್ದುದು ಒಂದು ಭಾನುವಾರದ ಸಂಜೆ, ಬ್ರಿಟಿಷ್ ಸೈನಿಕರು ಪ್ರಾರ್ಥನೆಗೆ ಸಿದ್ಧರಾಗುತ್ತಿದ್ದ ಹೊತ್ತಿನಲ್ಲಿ. ಅಂದಿನಿಂದ ಭಾರತದ ದಂಡುಗಳಲ್ಲಿ ಸೈನಿಕರು ಬಂದೂಕು ಮದ್ದುಗುಂಡುಗಳೊಂದಿಗೆ ದೇವಾಲಯಕ್ಕೆ ಹೋಗುವ ಪದ್ಧತಿ ಬೆಳೆಯಿತು. ಬಂದೂಕನ್ನು ನಿಲ್ಲಿಸಲು ಪೀಠಗಳಲ್ಲಿ ಕಚ್ಚು ಮಾಡಿಸಿದ ದೇವಾಲಯಗಳೂ ಉಂಟು. ಶಾಂತಿಯ ಪ್ರಭುವಿನ ಸನ್ನಿಧಿಯಲ್ಲಿ ಬಂದೂಕಿಗೂ ಒಂದು ಸ್ಥಳ!

ಈ ಸೈನಿಕರಲ್ಲಿ ಕಥೋಲಿಕರು ಅಲ್ಪಸಂಖ್ಯೆಯವರೇನೂ ಅಲ್ಲ. 1830ರಲ್ಲಿ ಬ್ರಿಟಿಷ್ ಸೈನ್ಯದ ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ ಸುಮಾರು 42 ಮಂದಿ ಐರ್ಲೆಂಡಿನವರಾಗಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮಸಭೆಯವರು, ಬಡತನದಿಂದ ಸೈನ್ಯ ಸೇರಿದವರು. ಬೆಂಗಳೂರಿನ ಸಂತ ಪ್ಯಾಟ್ರಿಕ್ಕರ ದೇವಾಲಯವು 1840ರ ದಶಕದಲ್ಲಿ ಮೇಲೆದ್ದುದು ಇಂಥ ಐರಿಷ್ ಸೈನಿಕರಿಗಾಗಿಯೇ. ಐರ್ಲೆಂಡಿನ ಪಾಲಕ ಸಂತರ ಹೆಸರು ಕನ್ನಡ ನೆಲದಲ್ಲಿ ನೆಲೆಗೊಂಡ ಬಗೆ ಇದು.

ಚಾವಟಿಯ ಶಿಸ್ತು

ಇಷ್ಟು ಜನರನ್ನು ಒಂದೇ ಕಹಳೆಗೆ ಓಗೊಡುವಂತೆ ಮಾಡಿದ ಶಕ್ತಿ ಯಾವುದು? ಅಭ್ಯಾಸ ಒಂದು, ಭಯ ಇನ್ನೊಂದು. ಕುಡಿದು ಬಂದವನಿಗೆ, ಪಹರೆಯಲ್ಲಿ ನಿದ್ರಿಸಿದವನಿಗೆ, ಮೇಲಿನವನಿಗೆ ಎದುರಾಡಿದವನಿಗೆ ಹೆಚ್ಚುವರಿ ಕವಾಯತು, ಕತ್ತಲೆ ಕೋಣೆ, ಅದಕ್ಕೂ ಮಿಗಿಲಾಗಿ ಚಾವಟಿ. ಪಡೆಯನ್ನೆಲ್ಲಾ ಚೌಕಾಕಾರವಾಗಿ ನಿಲ್ಲಿಸಿ, ಅಪರಾಧಿಯನ್ನು ಮರದ ತ್ರಿಕೋನಕ್ಕೆ ಕಟ್ಟಿ, ವೈದ್ಯನ ಸಮ್ಮುಖದಲ್ಲಿ ಒಂಬತ್ತು ಎಳೆಯ ಚಾವಟಿಯಿಂದ ಬೆನ್ನಿಗೆ ಹೊಡೆಸುತ್ತಿದ್ದರು. ಎಲ್ಲರೂ ಕಣ್ಣಾರೆ ಕಾಣಬೇಕೆಂಬುದೇ ಆ ಶಿಕ್ಷೆಯ ಉದ್ದೇಶ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1835ರಲ್ಲಿ ಗವರ್ನರ್ ಜನರಲ್ ಬೆಂಟಿಂಕರು ದೇಶೀಯ ಸಿಪಾಯಿಗಳಿಗೆ ಚಾವಟಿಯ ಶಿಕ್ಷೆಯನ್ನು ರದ್ದುಗೊಳಿಸಿದರು. 1845ರಲ್ಲಿ ಅದು ಮತ್ತೆ ಜಾರಿಗೆ ಬಂದಿತು. ನಡುವಣ ಹತ್ತು ವರ್ಷ ಒಂದೇ ದಂಡಿನಲ್ಲಿ ಸಿಪಾಯಿಯ ಬೆನ್ನಿಗೆ ಚಾವಟಿ ಇರಲಿಲ್ಲ, ಬಿಳಿಯ ಸೈನಿಕನ ಬೆನ್ನಿಗೆ ಇತ್ತು. 1846ರಲ್ಲಿ ಇಂಗ್ಲೆಂಡಿನ ಹೌನ್‌ಸ್ಲೋ ಎಂಬಲ್ಲಿ ಫ್ರೆಡೆರಿಕ್ ವೈಟ್ ಎಂಬ ಸೈನಿಕನು 150 ಏಟು ತಿಂದ ಕೆಲವು ವಾರಗಳಲ್ಲಿ ಮೃತನಾದಾಗ ಜನ ರೊಚ್ಚಿಗೆದ್ದರು. ಏಟುಗಳ ಮಿತಿ 50ಕ್ಕೆ ಇಳಿಯಿತು. 1868ರಲ್ಲಿ ಶಾಂತಿಕಾಲದಲ್ಲಿಯೂ, 1881ರಲ್ಲಿ ಸಂಪೂರ್ಣವಾಗಿಯೂ ಬ್ರಿಟಿಷ್ ಸೈನ್ಯದಿಂದ ಚಾವಟಿ ತೊಲಗಿತು. ಚಾವಟಿ ಹೋದರೆ ಸೈನ್ಯವೇ ಚದುರಿಹೋದೀತು ಎಂದು ಹೆದರಿಸಿದವರು ಅನೇಕರಿದ್ದರು. ಸೈನ್ಯ ಚದುರಲಿಲ್ಲ.

ಕಾಣದ ಶತ್ರು

ಇಷ್ಟೆಲ್ಲ ಬಿಗಿಯಿದ್ದರೂ ದಂಡಿನಲ್ಲಿ ಜನ ಸಾಯುತ್ತಿದ್ದರು. ಯುದ್ಧದಿಂದಲ್ಲ, ಜ್ವರ, ಆಮಶಂಕೆ, ಕಾಲರಾ, ಪಿತ್ತಕೋಶದ ಬೇನೆಗಳಿಂದ. 1859ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್ ಭಾರತದ ದಂಡುಗಳ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ 1863ರಲ್ಲಿ ವರದಿಯನ್ನು ಒಪ್ಪಿಸಿತು. ಯೂರೋಪಿಯನ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿಯಂತೆ ದಶಕಗಳ ಕಾಲ ಸತ್ತಿದ್ದರೆಂದು ಅದು ಕಂಡುಕೊಂಡಿತು. ಕುಟುಂಬದ ನಡುವೆ ಬದುಕುತ್ತಿದ್ದ ಸಿಪಾಯಿಗಳ ಸಾವಿನ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಮದ್ರಾಸ್ ಪ್ರಾಂತ್ಯದ ದಂಡುಗಳಲ್ಲಿ ಬೆಂಗಳೂರು ಆರೋಗ್ಯಕರವೆಂದು ಹೆಸರಾಗಿದ್ದರೂ ಇಲ್ಲಿಯ ಬದುಕಿನ ಕ್ರಮ ಉಳಿದೆಡೆಗಳದ್ದೇ.

ಕಮಿಷನ್ನಿಗಾಗಿ ದಂಡುಗಳಿಂದ ಬಂದ ಉತ್ತರಗಳನ್ನು ಕೂಲಂಕಷವಾಗಿ ಓದಿದ ಫ್ಲಾರೆನ್ಸ್ ನೈಟಿಂಗೇಲರು ದೋಷವನ್ನು ಹವಾಗುಣದ ಮೇಲೆ ಹೊರಿಸಲು ಒಪ್ಪಲಿಲ್ಲ. ಕೊಳಕು ನೀರು, ಚರಂಡಿಯಿಲ್ಲದ ವಸತಿ, ಕಿಕ್ಕಿರಿದ ಬ್ಯಾರಕ್ಕು, ಸೋಮಾರಿತನ, ಮದ್ಯ ಇವೇ ಕಾರಣವೆಂದು ಅವರು ನಿಸ್ಸಂಕೋಚವಾಗಿ ಬರೆದರು. ಕಂಪನಿಯ ಕಾಲದಲ್ಲಿ ಸಾರಾಯಿಯೇ ಸೈನಿಕನ ರೇಷನ್ನಿನ ಭಾಗವಾಗಿತ್ತೆಂಬುದನ್ನು ನೆನೆದರೆ ಅವರ ಮಾತಿನ ತೂಕ ತಿಳಿಯುತ್ತದೆ. ಹಗಲೆಲ್ಲ ಕೆಲಸವಿಲ್ಲದೆ ಕೂಡಿಹಾಕಿ, ಸಾರಾಯಿಯನ್ನೂ ಕೈಗಿತ್ತು, ಕುಡಿದು ತೂರಾಡಿದವನಿಗೆ ಚಾವಟಿಯ ಏಟು ಕೊಡುವ ಶಿಸ್ತು ಅದಾಗಿತ್ತು.

ಬೆಂಗಳೂರಿನಲ್ಲಿಯೇ 1883ರಲ್ಲಿ ನಡೆದ ಒಂದು ಘಟನೆ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಆಗ ಇಲ್ಲಿ ದಂಡಿನ ವೈದ್ಯರಾಗಿದ್ದ ಯುವಕ ರೊನಾಲ್ಡ್ ರಾಸರು ತಮ್ಮ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದನ್ನು ಕಂಡರು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ಒದ್ದಾಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆಗಳ ಕಾಟ ಅಡಗಿತು. ಅಧಿಕಾರಿಗಳ ಭೋಜನಗೃಹದಲ್ಲಿಯೂ ಹಾಗೆಯೇ ಮಾಡಿಸಬೇಕೆಂದು ಅವರು ಸೂಚಿಸಿದಾಗ ಅಲ್ಲಿನ ಅಡ್ಜುಟೆಂಟ್ ಒಪ್ಪಲಿಲ್ಲ. ಸೊಳ್ಳೆಗಳೂ ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದವು, ನಿಸರ್ಗದ ಕ್ರಮವನ್ನು ಕೆಡಿಸಬಾರದು ಎಂಬುದು ಅವನ ವಾದ! ಸೈನಿಕನ ಗುಂಡಿಯ ಮೇಲಿನ ಕಲೆ ಕಾಣುತ್ತಿದ್ದ ಕಣ್ಣಿಗೆ ಮನೆಯಂಗಳದ ತೊಟ್ಟಿ ಕಾಣಲಿಲ್ಲ. 1897ರ ಆಗಸ್ಟ್ 20ರಂದು ಅದೇ ರಾಸರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. 1902ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಶ್ರೀರಂಗಪಟ್ಟಣದಿಂದ ದಂಡನ್ನೇ ಓಡಿಸಿದ್ದ ಶತ್ರುವಿನ ಗುಟ್ಟು ಹೀಗೆ ಬಯಲಾಯಿತು.

ವರದಿಯ ನಂತರ ಬದಲಾವಣೆಗಳು ನಿಧಾನವಾಗಿ ಬಂದವು. ಗಾಳಿಯಾಡುವ ಬ್ಯಾರಕ್ಕುಗಳು, ಚರಂಡಿಗಳು, ವಾಚನಾಲಯಗಳು, ಕೆಲಸದ ಕೊಠಡಿಗಳು ಕಾಣಿಸಿಕೊಂಡವು. 1882ರಲ್ಲಿ ಸ್ಯಾಂಕಿಯವರ ಹೆಸರಿನ ಕೆರೆ ದಂಡಿಗೆ ನೀರೊದಗಿಸಲು ನಿರ್ಮಾಣವಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ಭಾರತದ ದಂಡುಗಳಲ್ಲಿ ಸಾವಿರಕ್ಕೆ 69 ಇದ್ದ ಸಾವು 1870ರ ದಶಕದಲ್ಲಿಯೇ 20ರ ಆಸುಪಾಸಿಗೆ ಇಳಿದಿತ್ತು. ಕಹಳೆ ಮೊದಲಿನಂತೆಯೇ ಮೊಳಗುತ್ತಿತ್ತು. ಜನ ಮಾತ್ರ ಬದುಕತೊಡಗಿದರು.

ದಿನಚರಿಯನ್ನು ಹೊತ್ತವರು

ಈ ದಿನಚರಿಯನ್ನು ನಿಜವಾಗಿ ಹೊತ್ತವರು ಯಾರೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ನಸುಕಿನ ಕ್ಷೌರಿಕ, ತೊಗಲ ಚೀಲದಲ್ಲಿ ನೀರು ಹೊತ್ತ ಭಿಸ್ತಿ, ಪಂಕಾ ಎಳೆದ ಹುಡುಗ, ಲಾಯದ ಆಳು, ಅಡಿಗೆಯವ, ಅಗಸ, ಮಲ ಹೊತ್ತ ಝಾಡಮಾಲಿ, ಇವರೆಲ್ಲ ಕಹಳೆಗೂ ಮೊದಲೇ ಎದ್ದವರು. ಇವರಲ್ಲಿ ಅನೇಕರು ಮದ್ರಾಸ್ ಪ್ರಾಂತ್ಯದಿಂದ ದಂಡಿನ ಬೆನ್ನುಹತ್ತಿ ಬಂದ ತಮಿಳರು. ಕ್ರೈಸ್ತರೂ ಅವರಲ್ಲಿ ಬಹಳ ಮಂದಿ. ಇಂದಿನ ಶಿವಾಜಿನಗರವಾದ ಅಂದಿನ ಬ್ಲ್ಯಾಕ್‌ಪಳ್ಳಿಯಲ್ಲಿ ಸುಮಾರು 1818ರಲ್ಲಿ ಅಬ್ಬೆ ದ್ಯುಬುವಾ ಸ್ವಾಮಿಗಳು ಕಟ್ಟಿಸಿದ ಹುಲ್ಲುಮಾಡಿನ ಚಿಕ್ಕ ಪ್ರಾರ್ಥನಾಲಯ ಇಂಥವರ ಆಶ್ರಯವಾಗಿತ್ತು. ಅದೇ ಸ್ಥಳದಲ್ಲಿ ಬೆಳೆದ ಮಾತೆ ಮರಿಯಮ್ಮನವರ ಭವ್ಯ ದೇವಾಲಯವು 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠಿತವಾಯಿತು. ಪಡೆಗಳು ಬಂದವು, ಹೋದವು. ಅವುಗಳ ಹೆಸರನ್ನು ಇಂದು ಬಲ್ಲವರು ಕಡಿಮೆ. ನೀರು ಹೊತ್ತವರ, ಲಾಯ ಗುಡಿಸಿದವರ ಮೊಮ್ಮಕ್ಕಳು ಮಾತ್ರ ಇಂದಿಗೂ ನಮ್ಮ ಧರ್ಮಕೇಂದ್ರಗಳಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ.

ಗುರುಮಠದಲ್ಲಿದ್ದ ದಿನಗಳಲ್ಲಿ ನಾನೂ ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಮಲಗಿದವನೇ. ಗಂಟೆಯ ದನಿಯೆಂದರೆ ದೇವರ ದನಿ ಎಂದು ಹಿರಿಯ ಗುರುಗಳು ಹೇಳುತ್ತಿದ್ದರು. ಅದನ್ನು ಕೇಳಿ ನಾವು ಹುಡುಗರು ಒಳಗೊಳಗೇ ಗೊಣಗಿದ್ದೂ ಉಂಟು. ಆದರೆ ಚಳಿಗಾಲದ ಒಂದು ರಾತ್ರಿ ನನಗೆ ಜ್ವರ ಬಂದಾಗ, ಗಂಟೆ ಬಾರಿಸುವ ಹೊಣೆಯಿದ್ದ ಹಿರಿಯ ಸಹಪಾಠಿಯೇ ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ನನ್ನ ಮಂಚದ ಬಳಿ ಬಂದು, ನೀನು ಏಳಬೇಡ ಎಂದು ಹೊದಿಕೆ ಸರಿಮಾಡಿ ಹೋದನು. ದಂಡಿನ ಇತಿಹಾಸವನ್ನು ಓದುವಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ.

ಭಕ್ತ ಬಂಧುಗಳೇ, ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ದೇವಾಲಯದ ಸಂಘಗಳಲ್ಲಿ ಶಿಸ್ತು ಬೇಕೆಂದು ನಾವೆಲ್ಲ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಮಕ್ಕಳ ಸಾಲು ನೆಟ್ಟಗಿದೆಯೇ ಎಂದು ನೋಡುವ ಮೊದಲು ಅವರು ಕುಡಿಯುವ ನೀರು ಶುದ್ಧವಾಗಿದೆಯೇ ಎಂದು ನೋಡೋಣ. ತಪ್ಪಿದವನಿಗೆ ದಂಡ ವಿಧಿಸುವ ಮೊದಲು ಅವನ ಹಗಲು ಹೇಗೆ ಕಳೆಯುತ್ತಿದೆ ಎಂದು ವಿಚಾರಿಸೋಣ. ಶತಮಾನೋತ್ಸವದ ಗಂಟೆ ಮೊಳಗುವ ದಿನ, ದಂಡಿನ ಹೆಸರಿಲ್ಲದ ಸೈನಿಕರಿಗಾಗಿಯೂ ಅವರಿಗೆ ನೀರು ತಂದವರಿಗಾಗಿಯೂ ಒಂದು ಪರಲೋಕ ಮಂತ್ರವನ್ನು ಹೇಳಿಕೊಳ್ಳಿರೆಂದು ವಿನಂತಿಸುತ್ತೇನೆ.